ಗಿಟಾರಿಗೆ ನೂರು ಬಟನ್ ಬೇಕೇ?

ಮಕ್ಕಳ ಗಿಟಾರಿಗೆ ಆಂಪ್ ಕೊಳ್ಳುವಾಗ ಬಟನ್ ಹೆಚ್ಚಿದ್ದದ್ದೇ ಒಳ್ಳೆಯದು ಅಂದುಕೊಳ್ಳುತ್ತೇವೆ. ನನ್ನ ಅಭಿಪ್ರಾಯ ಬೇರೆ.

ದೊಡ್ಡಗಾಜನೂರಿನ ಡಾ. ರಾಜ್‌ಕುಮಾರ್ 1974ರ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ಎಮ್ಮೆಯ ಹಾಡು ಹಾಡಿದರು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ಗೆ ಇಂಗ್ಲಿಷ್ ಹಾಡು. ಕಂಠ ಒಂದೇ, ಬದಲಾದದ್ದು ಹಾಡಿದ ರೀತಿ.

ವಾಲ್ವ್ ಕಾಂಬೊ ಆಂಪ್ ಕೂಡ ಹಾಗೆಯೇ. ಆಂಪ್ಲಿಫೈಯರ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ; ತಿರುಗಿಸುವ ಗುಂಡಿಗಳು ಕೆಲವೇ. ವಾಲ್ವ್ ಒಡೆಯುವ ಅಂಚಿಗೆ ವಾಲ್ಯೂಮ್ ಇಟ್ಟು ಮೆಲ್ಲಗೆ ಮೀಟಿದರೆ ತಿಳಿನಾದ, ಬಲವಾಗಿ ಮೀಟಿದರೆ ಒರಟು ದನಿ. ಗಿಟಾರಿನ ವಾಲ್ಯೂಮ್ ತಗ್ಗಿಸಿದರೆ ಮತ್ತೆ ತಿಳಿ.

ಭಾರ, ಬೆಲೆ ಎರಡೂ ಹೆಚ್ಚು. ವಾಲ್ವ್ ಸವೆಯುತ್ತದೆ, ಬದಲಿಸಬೇಕು. ನಿಜ. ಮನೆಗೆ 5 ವಾಟ್ ಧಾರಾಳ. ಆದರೆ ಬಟನ್ ಒತ್ತಿ ಸಿಕ್ಕಿದ ದನಿ ಬೆರಳಿಗೆ ಏನನ್ನೂ ಕಲಿಸದು. ನಮ್ಮ ದಫ್ಫಿಗೆ ಬಟನ್ ಎಲ್ಲಿದೆ? ಎಲ್ಲ ಕೈಯಲ್ಲೇ ಇದೆ.