ಬಂಗಾರದ ಕೆಂಪು ಗೆರೆ

೨೦೨೨ರ ಜನವರಿ. ಧಾರವಾಡದಿಂದ ಪುಣೆಯ ನಮ್ಮ ಮನೆಗೆ ಬಂದಿದ್ದ ಅವ್ವನಿಗೆ ಜ್ವರ ಬಂತು. ಔಷಧದ ಅಂಗಡಿಯಿಂದ ಕೋವಿಡ್ ಪರೀಕ್ಷೆಯ ಪೊಟ್ಟಣ ತಂದು, ಮೂಗಿನ ದ್ರವವನ್ನು ಅವರು ಕೊಟ್ಟ ನೀರಿನಲ್ಲಿ ಕದಡಿ ಪಟ್ಟಿಯ ಮೇಲೆ ಹನಿಸಿದೆ. ಒಂದೇ ಗೆರೆ ಮೂಡಿತು. ನಿಶ್ಚಿಂತೆಯಾಯಿತೆಂದು ನಮ್ಮ ಮಗಳನ್ನು ಅಜ್ಜಿಯ ಮಗ್ಗುಲಲ್ಲೇ ಮಲಗಿಸಿದೆವು. ಎರಡು ದಿನ ಬಿಟ್ಟು ಮತ್ತೆ ನೋಡಿದರೆ ಎರಡು ಗೆರೆ!

ಆ ಕೆಂಪು ಏತರದ್ದೆಂದು ಅವ್ವ ಹಾಸಿಗೆಯಲ್ಲಿದ್ದ ದಿನಗಳಲ್ಲೇ ಓದಿ ತಿಳಿದೆ. ನಾನು ಬಿ.ಎ. ಮಾಡಿದ ಗುಮಾಸ್ತ, ವಿಜ್ಞಾನ ಬಲ್ಲ ವಾಚಕರು ಮನ್ನಿಸಬೇಕು. ಇಂಥ ಪಟ್ಟಿಗಳಲ್ಲಿ ಬಹಳಷ್ಟಕ್ಕೆ ಬಣ್ಣ ಕೊಡುವುದು ಬಂಗಾರವಂತೆ.

"ಬಂಗಾರ ಕೆಂಪಗಿರ್ತದೇನೋ?" ಎಂದು ಅವ್ವ ಜ್ವರದಲ್ಲೂ ನಕ್ಕಳು.

ಇರುತ್ತದೆ. ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತ ಚಿಕ್ಕದಾಗಿ, ೨೦-೪೦ ನ್ಯಾನೊಮೀಟರಿನ ಕಣವಾಯಿತೆಂದರೆ, ಬೆಳಕಿನ ಅಲೆಗೆ ಅದರೊಳಗಿನ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡುತ್ತವೆ. ಆಗ ೫೨೦ ನ್ಯಾನೊಮೀಟರಿನ ಆಸುಪಾಸಿನ ಹಸಿರು ಬೆಳಕು ಹೆಚ್ಚಾಗಿ ಹೀರಿಹೋಗಿ ಕೆಂಪು ಉಳಿಯುತ್ತದೆ. ಮೈಕೆಲ್ ಫ್ಯಾರಡೆ ೧೮೫೭ರಲ್ಲೇ ಲಂಡನ್ನಿನಲ್ಲಿ ಬಂಗಾರದ ಇಂಥ ಮಾಣಿಕ್ಯವರ್ಣದ ದ್ರವವನ್ನು ವರ್ಣಿಸಿದ್ದನು. ೧೯೦೮ರಲ್ಲಿ ಜರ್ಮನಿಯ ಗುಸ್ಟಾವ್ ಮೀ ಲೆಕ್ಕ ಹಾಕಿ ಕಾರಣ ತೋರಿಸಿದನು. ಕಣಗಳು ಒತ್ತೊತ್ತಾಗಿ ಸೇರಿದರೆ ಕೆಂಪು ನೀಲಿಗೆ ತಿರುಗುವುದೂ ಉಂಟು.

ಪಟ್ಟಿಯ ಕಣಗಳಿಗೆ ವೈರಸ್ಸಿನ ಪ್ರೋಟೀನನ್ನು ಹಿಡಿಯುವ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಹನಿಯೊಡನೆ ಅವು ಪಟ್ಟಿಯುದ್ದಕ್ಕೂ ಹರಿಯುತ್ತವೆ. ಪರೀಕ್ಷೆಯ ಗೆರೆಯಲ್ಲಿ ಕಾದು ಕುಳಿತ ಬೇರೆ ಪ್ರತಿಕಾಯಗಳು, ಆ ಪ್ರೋಟೀನನ್ನು ಹೊತ್ತು ಬಂದ ಕಣಗಳನ್ನು ಮಾತ್ರ ತಡೆದು ನಿಲ್ಲಿಸುತ್ತವೆ. ಬಂಗಾರ ಗುಂಪುಗೂಡಿ ಗೆರೆ ಕಾಣುತ್ತದೆ. ಅದರಾಚೆಗಿನ ಗೆರೆ, ವೈರಸ್ಸಿರಲಿ ಬಿಡಲಿ, ಬಂದ ಬಂಗಾರವನ್ನು ಹಿಡಿದು "ಪಟ್ಟಿ ಕೆಲಸಮಾಡಿದೆ" ಎಂದಷ್ಟೇ ಹೇಳುತ್ತದೆ. ಮೊದಲ ದಿನ ನಾವು ಕಂಡದ್ದು ಅದೊಂದನ್ನೇ! ಕಣ್ಣಿಗೆ ಕಾಣುವಷ್ಟು ಕಣಗಳು ಮೊದಲಿನ ಗೆರೆಯಲ್ಲಿ ನಿಲ್ಲಬೇಕಾದರೆ ಮೂಗಿನಲ್ಲಿ ವೈರಸ್ಸು ಸಾಕಷ್ಟು ಬೆಳೆದಿರಬೇಕು.

ಜ್ವರವಿದ್ದೂ ಒಂದೇ ಗೆರೆ ಬಂದರೆ ಪ್ರಯೋಗಶಾಲೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಬೇಕೆಂದು ಪೊಟ್ಟಣದ ಚೀಟಿಯಲ್ಲಿ ಸಣ್ಣಕ್ಷರದಲ್ಲಿತ್ತು. ಕಚೇರಿಯಲ್ಲಿ ಪ್ರತಿ ಕಡತದ ಅಡಿಟಿಪ್ಪಣಿಯನ್ನೂ ಓದುವ ನಾನು ಅದನ್ನು ಓದಿರಲಿಲ್ಲ.

ಮಗಳಿಗೂ ಜ್ವರ ಬಂದು ಎರಡು ದಿನದಲ್ಲಿ ಇಳಿಯಿತು. ಅವ್ವ ಮಾತ್ರ ಒಂದು ತಿಂಗಳು ಕೆಮ್ಮಿದಳು. ಪಟ್ಟಿಯನ್ನು ಚೀಲದಲ್ಲಿ ಕಟ್ಟಿ ಎಸೆಯಹೊರಟಾಗ ಒಳಗಿನಿಂದಲೇ ಕೂಗಿದಳು: "ಅದರಾಗಿನ ಬಂಗಾರ ತಗೊಂಡಿಯೇನೋ?"