"ನಾಳೆಯಿಂದ ಬರಬೇಡ" ಅಂದರೆ ಕೆಲಸ ಹೋಯಿತೇ?

ಸಣ್ಣ ಊರುಗಳಲ್ಲಿ ಪುರಸಭೆ, ಪಂಚಾಯಿತಿಯ ಕೆಲಸದಿಂದ ಒಬ್ಬರನ್ನು ತೆಗೆಯುವುದಕ್ಕೆ ಎಷ್ಟೋ ಸಲ ಒಂದು ಚೀಟಿಯೂ ಬೇಕಾಗುವುದಿಲ್ಲ. "ನಾಳೆಯಿಂದ ಬರಬೇಡ" ಅಂದರೆ ಆಯಿತು. ಹತ್ತು ವರ್ಷ ಬೀದಿ ಗುಡಿಸಿದವರು, ನೀರು ಬಿಟ್ಟವರು, ಶಾಲೆಯ ಆಯಾ ಆಗಿದ್ದವರು ಮರುದಿನ ಮನೆಯಲ್ಲಿ ಕೂರುತ್ತಾರೆ. ಕೇಳಿದರೆ "ದೊಡ್ಡವರ ಜೊತೆ ನಮಗ್ಯಾಕೆ ಬೇಕು ಸಾರ್" ಅನ್ನುತ್ತಾರೆ.

ಇದು ಕನ್ನಡ ಶಾಲೆಗೆ ಸಂಬಂಧಪಟ್ಟ ವಿಷಯ ಹೇಗೆ ಅಂತ ನೀವು ಕೇಳಬಹುದು. ಆದೋನಿ, ಕೌತಾಳಂ, ಕೋಸಿಗಿ, ಹೊಳಗುಂದಿ, ಆಲೂರು ಕಡೆಯ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ತಂದೆತಾಯಿ ಯಾರು? ಹೊಲದ ಕೂಲಿ, ಹತ್ತಿ ಮಿಲ್ಲಿನ ಕೂಲಿ, ಇಂಥ ದಿನಗೂಲಿ ನೌಕರಿ ಮಾಡುವವರೇ ಹೆಚ್ಚು. ಊರಲ್ಲಿ ಸಂಬಳ ನಿಂತರೆ ಮನೆಮಂದಿ ಗುಂಟೂರಿನ ಮೆಣಸಿನಕಾಯಿ ಹೊಲಕ್ಕೆ ಗುಳೆ ಹೋಗುತ್ತಾರೆ. ಮಗುವೂ ಅವರ ಜೊತೆ ಹೋಗುತ್ತದೆ. ಗುಂಟೂರಿನಲ್ಲಿ ಅದಕ್ಕೆ ಕನ್ನಡ ತರಗತಿ ಎಲ್ಲಿಂದ ಬರಬೇಕು? ಒಬ್ಬರ ಕೆಲಸ ಹೋದರೆ ನಮ್ಮ ಹಾಜರಿ ಪುಸ್ತಕದಲ್ಲಿ ಒಂದೆರಡು ಹೆಸರು ಅಳಿಯುತ್ತವೆ.

ಅದಕ್ಕೇ ಈ ವಿಷಯದಲ್ಲಿ ಶಾಲೆಯವರು ಸುಮ್ಮನಿರಬಾರದು ಅಂತ ನನ್ನ ಅಭಿಪ್ರಾಯ. ಹೋರಾಟ ಮಾಡಿ ಅನ್ನುತ್ತಿಲ್ಲ. ಮೊದಲ ಅರ್ಜಿ ಬರೆದುಕೊಡಿ, ಸರಿಯಾದ ಬಾಗಿಲು ತೋರಿಸಿ, ಅಷ್ಟೇ.

ಸರಿಯಾದ ಬಾಗಿಲು ಅಂದರೇನು? ಇದಕ್ಕೆ ನಮ್ಮ ಕನ್ನಡ ನಾಡಿನದೇ ಒಂದು ಪ್ರಕರಣ ಇದೆ. ಶಿರಸಿ ಪುರಸಭೆ ತನ್ನ ಒಬ್ಬ ಮಹಿಳಾ ನೌಕರರನ್ನು ವಜಾ ಮಾಡಿತು. ವಜಾ ಮಾಡುವ ಮುಂಚೆ ನಿಯಮದಲ್ಲಿ ಹೇಳಿದ ಕ್ರಮ ಪಾಲಿಸಲಿಲ್ಲ. ಆಕೆ ಬಿಡಲಿಲ್ಲ. ಪುರಸಭೆಯೂ ಬಿಡದೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1973ರಲ್ಲಿ ಕೋರ್ಟು ಆಕೆಯ ಪರವಾಗಿಯೇ ಹೇಳಿತು. ಒಂದು ಸಣ್ಣ ಊರಿನ ಪುರಸಭೆಯ ವಿರುದ್ಧ ಒಬ್ಬ ನೌಕರಳು ಗೆದ್ದ ಆ ತೀರ್ಪನ್ನು ವಕೀಲರು ಇಂದಿಗೂ ಉಲ್ಲೇಖಿಸುತ್ತಾರೆ!

ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಎ.ಎನ್. ರೇ ಅವರು ನೌಕರಿಯನ್ನು ಮೂರು ಬಗೆ ಮಾಡಿದರು. ಒಂದು, ಬರೀ ಯಜಮಾನ–ಆಳಿನ ಒಪ್ಪಂದ. ಇಲ್ಲಿ ತಪ್ಪಾಗಿ ತೆಗೆದರೆ ಪರಿಹಾರದ ಹಣ ಸಿಗಬಹುದು, ಕೆಲಸ ವಾಪಸು ಸಿಗುವುದಿಲ್ಲ. ಎರಡು, ಕಾರ್ಮಿಕ ಕಾನೂನಿನ ಕೆಳಗೆ ಬರುವ ಕೆಲಸ. ಇಲ್ಲಿ ಕೆಲಸಕ್ಕೆ ವಾಪಸು ತೆಗೆದುಕೊಳ್ಳಿ ಅಂತ ಆದೇಶ ಮಾಡಬಹುದು. ಮೂರು, ಸರ್ಕಾರ, ಸ್ಥಳೀಯ ಸಂಸ್ಥೆ ಮುಂತಾದವುಗಳ ನೌಕರಿ. ಇಲ್ಲಿ ಕಾಯ್ದೆ ಅಥವಾ ನಿಯಮ ಮುರಿದು ತೆಗೆದರೆ ಆ ವಜಾ ಅಸಿಂಧು. ನೌಕರ ಇನ್ನೂ ನೌಕರನೇ.

ಹಾಗಾಗಿ ಮೊದಲು ಕೇಳಬೇಕಾದ್ದು, ತೆಗೆಸಿಕೊಂಡವರು ಯಾವ ಬಗೆಗೆ ಸೇರುತ್ತಾರೆ ಅಂತ.

ಪೌರಕಾರ್ಮಿಕರು, ಪಂಪ್ ಆಪರೇಟರು, ಮಾಲಿಗಳು ಸಾಮಾನ್ಯವಾಗಿ ಕಾರ್ಮಿಕ ಕಾನೂನಿನ ಬಾಗಿಲಿಗೆ ಹೋಗುತ್ತಾರೆ. 1978ರ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು "ಉದ್ಯಮ" ಎಂಬ ಪದಕ್ಕೆ ವಿಶಾಲವಾದ ಅರ್ಥ ಕೊಟ್ಟಿದ್ದರಿಂದ ಇದು ಸುಲಭವಾಯಿತು. ಆ ಅರ್ಥವನ್ನು ಮತ್ತೆ ನೋಡಬೇಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿದರು. ಆದ್ದರಿಂದ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಶಿಕ್ಷಕರದ್ದು ಬೇರೆ. ಶಿಕ್ಷಕರು ಈ ಕಾನೂನಿನ ಅರ್ಥದಲ್ಲಿ "ಕಾರ್ಮಿಕ" ಅಲ್ಲ ಅಂತ 1988ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆದ್ದರಿಂದ ಮಂಡಲ ಪರಿಷತ್ತು, ಪುರಸಭೆ ಶಾಲೆಯ ತಾತ್ಕಾಲಿಕ ಶಿಕ್ಷಕರನ್ನು ತೆಗೆದರೆ ಲೇಬರ್ ಆಫೀಸಿಗೆ ಅಲೆದು ಪ್ರಯೋಜನವಿಲ್ಲ. ಅಮರಾವತಿಯ ಹೈಕೋರ್ಟಿಗೆ ರಿಟ್ ಹಾಕಬೇಕು. ಒಂದೇ ಶಾಲೆಯಲ್ಲಿ ಆಯಾಗೆ ಒಂದು ದಾರಿ, ಶಿಕ್ಷಕಿಗೆ ಇನ್ನೊಂದು! ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಕಳೆದುಕೊಳ್ಳುವುದೇ ದೊಡ್ಡ ನಷ್ಟ.

ಯಾಕೆಂದರೆ ಸಮಯ ಯಾರಿಗೂ ಕಾಯುವುದಿಲ್ಲ. 2025ರ ನವೆಂಬರ್ 21ರಿಂದ ಹಳೆಯ 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ಹಳೆಯದರಲ್ಲಿ ವಜಾ ಆದವರು ಲೇಬರ್ ಕೋರ್ಟಿಗೆ ನೇರ ಅರ್ಜಿ ಹಾಕಲು ಮೂರು ವರ್ಷ ಇತ್ತು. ಹೊಸದರಲ್ಲಿ ವಿವಾದ ಹುಟ್ಟಿ ಎರಡು ವರ್ಷ ಆದಮೇಲೆ ಸಂಧಾನಾಧಿಕಾರಿ ಅದನ್ನು ಮುಟ್ಟುವಂತಿಲ್ಲ. "ಮುಂದಿನ ಎಲೆಕ್ಷನ್ ಆಗಲಿ, ನಮ್ಮವರು ಬರಲಿ" ಅಂತ ಕೂತವರಿಗೆ ಆಮೇಲೆ ಬಾಗಿಲೇ ಇರುವುದಿಲ್ಲ.

ಇನ್ನೊಂದು ಮಾತು ಎಲ್ಲರೂ ಹೇಳುತ್ತಾರೆ: "ಟೆಂಪರರಿ ಅಲ್ಲವೇ, ಶಿಫಾರಸಿನ ಮೇಲೆ ಬಂದವರು, ಶಿಫಾರಸು ಹೋದರೆ ಅವರೂ ಹೋಗಬೇಕು." ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಹಿಂಬಾಗಿಲಿನಿಂದ ಬಂದವರನ್ನು ಕಾಯಂ ಮಾಡಲು ಆಗುವುದಿಲ್ಲ ಅಂತ 2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ಕರ್ನಾಟಕದ ದಿನಗೂಲಿ ನೌಕರರದೇ ಕೇಸು, ಉಮಾದೇವಿ ಪ್ರಕರಣ ಅಂತ ಪ್ರಸಿದ್ಧ. ಪರೀಕ್ಷೆ ಬರೆದು ಕಾಯುತ್ತಿರುವ ನಮ್ಮ ಹುಡುಗರ ದೃಷ್ಟಿಯಿಂದ ಅದು ನ್ಯಾಯವೇ. ಆದರೆ "ಕಾಯಂ ಮಾಡಿ" ಅನ್ನುವುದು ಬೇರೆ, "ತೆಗೆಯುವುದಾದರೆ ಕಾನೂನಿನಂತೆ ತೆಗೆಯಿರಿ" ಅನ್ನುವುದು ಬೇರೆ. ಕಾರ್ಮಿಕ ಕಾನೂನಿಗೆ ಒಳಪಟ್ಟವರು ವರ್ಷಪೂರ್ತಿ ದುಡಿದಿದ್ದರೆ, ಕಡಿತದ ಹೆಸರಿನಲ್ಲಿ ತೆಗೆಯುವಾಗ ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ಸಂಬಳ ಕೊಡಬೇಕು. ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳವನ್ನೂ ಕೊಡಬೇಕು. ತಪ್ಪು ಮಾಡಿದ್ದಾರೆ ಅಂತ ತೆಗೆಯುವುದಾದರೆ ವಿಚಾರಣೆ ಬೇಕು.

ಇದಕ್ಕೆ ಹತ್ತಿರದ ಉದಾಹರಣೆ ಗಾಜಿಯಾಬಾದ್ ನಗರ ನಿಗಮದ ಮಾಲಿಗಳದ್ದು. 2005ರಲ್ಲಿ ಅವರನ್ನು ನೋಟಿಸಿಲ್ಲದೆ, ಬಾಯಿಮಾತಿನಲ್ಲಿ ತೆಗೆದರು. "ಅವರು ಗುತ್ತಿಗೆದಾರನ ಆಳುಗಳು" ಅಂತ ನಿಗಮ ವಾದಿಸಿತು, ಆದರೆ ಅದಕ್ಕೆ ದಾಖಲೆ ತೋರಿಸಲಿಲ್ಲ. 2025ರ ಜನವರಿ 31ರಂದು ಸುಪ್ರೀಂ ಕೋರ್ಟು ಅವರನ್ನು ಕೆಲಸಕ್ಕೆ ವಾಪಸು ತೆಗೆದುಕೊಳ್ಳಿ, ಹಿಂದಿನ ಸಂಬಳದಲ್ಲಿ ಶೇ. 50 ಕೊಡಿ ಎಂದು ಆದೇಶಿಸಿತು. ಉಮಾದೇವಿ ತೀರ್ಪನ್ನು ಇಂಥ ಅನ್ಯಾಯಕ್ಕೆ ಗುರಾಣಿ ಮಾಡಿಕೊಳ್ಳಬೇಡಿ ಎಂದೂ ಹೇಳಿತು. ಗೆದ್ದರು, ನಿಜ. ಆದರೆ 20 ವರ್ಷ ಆಯಿತು! ಆ 20 ವರ್ಷದಲ್ಲಿ ಅವರ ಮಕ್ಕಳು ಶಾಲೆ ಮುಗಿಸಿದರೋ ಬಿಟ್ಟರೋ, ಯಾವ ತೀರ್ಪೂ ಬರೆಯುವುದಿಲ್ಲ. ಅದಕ್ಕೇ ಮೊದಲ ತಿಂಗಳಲ್ಲೇ ಎಚ್ಚರಾಗಬೇಕು ಅನ್ನುವುದು.

ಆ ಮೊದಲ ತಿಂಗಳಲ್ಲಿ ನಾವು ಏನು ಮಾಡಬಹುದು?

ಬಾಯಿಮಾತಿನಲ್ಲಿ ತೆಗೆದಿದ್ದರೆ ಕಮಿಷನರಿಗೆ ಅಥವಾ ಕಾರ್ಯದರ್ಶಿಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಕಳಿಸಬೇಕು. "ಇಂಥ ದಿನದವರೆಗೆ ಕೆಲಸ ಮಾಡಿದ್ದೇನೆ, ಇಂಥ ದಿನ ಬರಬೇಡ ಎಂದರು, ಕೆಲಸಕ್ಕೆ ಬರಲು ಸಿದ್ಧನಿದ್ದೇನೆ, ಕಾರಣ ತಿಳಿಸಿ." ನಾಲ್ಕೇ ಸಾಲು ಸಾಕು. ಇಲ್ಲದಿದ್ದರೆ ನಾಳೆ "ಅವನೇ ಬಿಟ್ಟುಹೋದ" ಅಂದುಬಿಡುತ್ತಾರೆ.

ತೆಲುಗು ಬರೆಯಲು ಬಾರದವರು ಹೆದರಬೇಕಿಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಕನ್ನಡದಲ್ಲೇ ಕೊಡಿ. ಬೇಗ ಕೆಲಸ ಆಗಬೇಕಾದರೆ ಕೆಳಗೆ ತೆಲುಗಿನಲ್ಲೂ ಬರೆದುಕೊಡಿ. ನಮ್ಮ ಶಾಲೆಗಳಲ್ಲಿ ಎರಡೂ ಬಲ್ಲವರು ಇದ್ದೇ ಇದ್ದಾರೆ.

ಮಾಹಿತಿ ಹಕ್ಕಿನಲ್ಲಿ ಹಾಜರಿ, ಸಂಬಳದ ರಿಜಿಸ್ಟರಿನ ನಕಲು ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಿ.ಎಫ್. ಚೀಟಿ, ಏನಿದ್ದರೂ ಜೋಪಾನ. ವಕೀಲರ ಫೀಜಿಗೆ ದುಡ್ಡಿಲ್ಲ ಅಂತ ಕೈಚೆಲ್ಲಬೇಡಿ. 1987ರ ಕಾನೂನು ಸೇವಾ ಕಾಯ್ದೆಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಮಿಕರಿಗೆ ಉಚಿತ ವಕೀಲರ ನೆರವು ಇದೆ. ಆದೋನಿ ಕೋರ್ಟಿನಲ್ಲಿ ಮಂಡಲ ಕಾನೂನು ಸೇವಾ ಸಮಿತಿ ಇದೆ, ಅಲ್ಲಿಗೆ ಕರೆದುಕೊಂಡು ಹೋಗಿ.

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು ಆಂಧ್ರಕ್ಕೆ ಸೇರಿದಾಗಿನಿಂದ ನಾವು ಪಠ್ಯಪುಸ್ತಕಕ್ಕೆ, ಶಿಕ್ಷಕರ ಹುದ್ದೆಗೆ ಅರ್ಜಿ ಬರೆಯುತ್ತಲೇ ಬಂದಿದ್ದೇವೆ. ಅರ್ಜಿ ಬರೆಯುವುದು ನಮಗೆ ಹೊಸದಲ್ಲ. ಆ ಪುಸ್ತಕ ಓದಬೇಕಾದ ಮಗುವಿನ ತಾಯಿಗೂ ಒಂದು ಅರ್ಜಿ ಬರೆದುಕೊಡೋಣ. ಮುಂದಿನ ಪೋಷಕರ ಸಭೆಯಲ್ಲಿ ಹತ್ತು ನಿಮಿಷ ಈ ವಿಷಯ ಇಟ್ಟು ನೋಡಿ. ಏನಂತೀರಿ?