ಹೆಳವರು ಬಂದ್ರೆ ಬಾಗಿಲು ಹಾಕೋರಿಗೆ

ನಮ್ಮ ಬ್ಲಾಗಿಗರಲ್ಲಿ ಶಾಸನ, ವೀರಗಲ್ಲಿನ ಫೋಟೋ ಹಾಕೋರು ಬೇಕಾದಷ್ಟಿದ್ದಾರೆ. ಸಂತೋಷ. ಆದ್ರೆ ಕೂಡ್ಲಿಗಿ ಕಡೆ ಮನೆ ಮುಂದೆ ವಂಶಾವಳಿ ಹೇಳೋಕೆ ಹೆಳವರು ಬಂದ್ರೆ ಮಾತ್ರ "ಭಿಕ್ಷೆಯವರು" ಅಂತ ಮೂಗು ಮುರಿಯೋದು! ಸ್ವಾಮಿ, ನಿಮ್ಮ ಮುತ್ತಜ್ಜನ ಅಪ್ಪನ ಹೆಸರು ನಿಮಗೆ ಗೊತ್ತಾ? ಹೆಳವರನ್ನ ಕೇಳಿ. ಮೂಲ ಊರು, ಬೆಡಗು, ವಲಸೆ ಬಂದ ಕಥೆ ಎಲ್ಲಾ ಹೇಳ್ತಾರೆ.

ಸರ್ಕಾರಿ ಕಾಗದ ನಂಬ್ತೀರಾ? ಹರಪನಹಳ್ಳಿಯನ್ನೇ ನೋಡಿ. 1953ರವರೆಗೆ ಮದರಾಸು, 1997ರಲ್ಲಿ ದಾವಣಗೆರೆ ಜಿಲ್ಲೆ, ಆಮೇಲೆ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಯಾವ ಕಚೇರಿಯ ಕಪಾಟು ಹುಡುಕ್ತೀರಿ? ಹೆಳವರಿಗೆ ಜಿಲ್ಲೆ ಬದಲಾದ್ರೂ ಮನೆತನ ಬದಲಾಗಲ್ಲ.

ಹಾಗಂತ ಅವರ ಪುಸ್ತಕ ಇಸ್ಕೊಂಡು ಸ್ಕ್ಯಾನ್ ಮಾಡಿ ನೆಟ್ಟಿಗೆ ಹಾಕೋ ಉತ್ಸಾಹವೂ ಬೇಡ, ಅದು ಅವರ ಅನ್ನ. ಕಾಳು-ಕಡಿ, ದಕ್ಷಿಣೆ ಕೊಟ್ಟು, ಒಪ್ಪಿಗೆ ಕೇಳಿ, ಅವರ ದನಿಯಲ್ಲೇ ರೆಕಾರ್ಡ್ ಮಾಡಿ. ಈ ಸುಗ್ಗಿಗೇ ಮಾಡಿ.